ಪಾರಿವಾಳ ಬಿಡಿ, ಕೈ ನೋಡಿ

ಕಮ್ಯುನಿಸ್ಟ್ ದೇಶಗಳು ಹೊರತಂದ ಶಾಂತಿಯ ಪೋಸ್ಟರುಗಳನ್ನು ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ. ನೀಲಿ ಆಕಾಶ, ಬಿಳಿ ಪಾರಿವಾಳ, ಕೆಳಗೆ ಭೂಗೋಳ, ಪಕ್ಕದಲ್ಲಿ ಗೋಧಿ ತೆನೆ. "ಓ, ಶಾಂತಿ" ಅಂದುಕೊಂಡು ಮುಂದಕ್ಕೆ ಹೋಗುತ್ತೇವೆ. ನಾನು ಹೇಳೋದು ಇಷ್ಟೇ, ಪಾರಿವಾಳವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಅದು ಯಾರ ಕೈ ಮೇಲೆ ಕೂತಿದೆ ನೋಡಿ. ಆ ಕೈ ಎಷ್ಟು ದಪ್ಪ ಇದೆ, ಮುಷ್ಟಿ ಬಿಗಿದಿದೆಯೋ ಅಂಗೈ ಬಿಚ್ಚಿದೆಯೋ, ಇನ್ನೊಂದು ಕೈಯಲ್ಲಿ ಏನಿದೆ, ಅದನ್ನೆಲ್ಲ ನೋಡಿ. ಪೋಸ್ಟರ್ ಮಾಡಿಸಿದವರು ಏನು ಹೇಳೋಕೆ ಹೊರಟಿದ್ದರೋ ಅದೆಲ್ಲ ಆ ಕೈಯಲ್ಲಿ ಇರುತ್ತದೆ. ಹಕ್ಕಿ ಬರೀ ಹಕ್ಕಿ.

ನಾನು ರಾಯಚೂರು ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಕೈ ಬಿಡಿಸೋದು ಎಷ್ಟು ಕಷ್ಟ ಅಂತ ನಮ್ಮಂಥವರಿಗೆ ಗೊತ್ತು. ಮಕ್ಕಳಿಗೆ ಮನುಷ್ಯರ ಚಿತ್ರ ಬಿಡಿಸಿ ಅಂದರೆ ಕೈಯನ್ನು ಬೆನ್ನ ಹಿಂದೆ ಕಟ್ಟಿಸಿಬಿಡುತ್ತಾರೆ, ಇಲ್ಲಾ ಪ್ಯಾಂಟಿನ ಜೇಬಿಗೆ ಹಾಕಿಸುತ್ತಾರೆ. ಹುಡುಗಿಯರು ಬುದ್ಧಿವಂತರು, ಸೆರಗಿನ ಒಳಗೆ ಮುಚ್ಚಿಡುತ್ತಾರೆ. ಅದಕ್ಕೇ ಯಾರಾದರೂ ಚಿತ್ರದ ನಟ್ಟನಡುವೆ ದೊಡ್ಡದಾಗಿ ಒಂದು ಕೈ ಬಿಡಿಸಿದ್ದಾರೆ ಅಂದರೆ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಸುಮ್ಸುಮ್ನೆ ಯಾರೂ ಕೈ ಬಿಡಿಸೋದಿಲ್ಲ.

ನಮ್ಮ ಕಡೆಯವರಿಗೆ ಈ ಚಿತ್ರಗಳು ಹೊಸವೇನೂ ಅಲ್ಲ. ನಾನು ಚಿಕ್ಕವನಿದ್ದಾಗ ಸೋವಿಯತ್ ಪತ್ರಿಕೆಗಳು ಕನ್ನಡದಲ್ಲೂ ಬರುತ್ತಿದ್ದವು. ಕಾಗದ ಅಂದರೆ ಕಾಗದ, ನುಣ್ಣಗೆ ಹೊಳೆಯುತ್ತಿತ್ತು. ಓದೋರಿಗಿಂತ ನೋಟ್‌ಬುಕ್ಕಿಗೆ ರಟ್ಟು ಹಾಕೋರು ಜಾಸ್ತಿ. ನಮ್ಮ ಕ್ಲಾಸಿನಲ್ಲಿ ಒಬ್ಬನ ಗಣಿತದ ಪುಸ್ತಕದ ಮೇಲೆ ಟ್ರ್ಯಾಕ್ಟರ್, ಇನ್ನೊಬ್ಬನ ವಿಜ್ಞಾನದ ಮೇಲೆ ರಾಕೆಟ್, ನನ್ನ ಸಮಾಜದ ಪುಸ್ತಕದ ಮೇಲೆ ಪಾರಿವಾಳ ಹಿಡಿದ ಒಂದು ಹುಡುಗಿ. ಹಟ್ಟಿ ಚಿನ್ನದ ಗಣಿ ಕಡೆಯಿಂದ ಬರುತ್ತಿದ್ದ ಹುಡುಗರ ಹತ್ತಿರ ಇಂಥ ರಟ್ಟು ಬೇಕಾದಷ್ಟು ಇರುತ್ತಿತ್ತು. ಅಲ್ಲಿ ಯೂನಿಯನ್ ಗಟ್ಟಿ, ಕೆಂಬಾವುಟ ಗಟ್ಟಿ, ಪತ್ರಿಕೆ ತರಿಸೋರೂ ಇದ್ದರು. ಯಾರ ಮನೆಯಲ್ಲೂ ಅದನ್ನು ಪ್ರಚಾರ ಅಂತ ನೋಡಿದ ನೆನಪಿಲ್ಲ. ಬಣ್ಣದ ಕಾಗದ, ಅಷ್ಟೇ. ಪ್ರಚಾರ ಚೆನ್ನಾಗಿ ಕೆಲಸ ಮಾಡೋದು ಹಾಗೇ ಅಲ್ವಾ?

ಈಗ ಆ ಹಕ್ಕಿ ಎಲ್ಲಿಂದ ಬಂತು ಅನ್ನೋದು. ಬೈಬಲ್ಲಿನಲ್ಲಿ ನೋಹನ ಹಡಗಿಗೆ ಆಲಿವ್ ಎಲೆ ತಂದ ಪಾರಿವಾಳ ಇದೆ, ಅದು ಹಳೇ ಕಥೆ. ಆದರೆ ಕಮ್ಯುನಿಸ್ಟರ ಪಾರಿವಾಳ ಹುಟ್ಟಿದ್ದು 1949ರಲ್ಲಿ, ಪ್ಯಾರಿಸ್ಸಿನಲ್ಲಿ. ಆ ವರ್ಷ ಏಪ್ರಿಲ್‌ನಲ್ಲಿ ಅಲ್ಲಿ ಶಾಂತಿಯ ಬೆಂಬಲಿಗರ ಜಾಗತಿಕ ಸಮ್ಮೇಳನ ಅಂತ ನಡೆಯಿತು. ಚಿತ್ರಗಾರ ಪಾಬ್ಲೊ ಪಿಕಾಸೊ 1944ರಲ್ಲೇ ಫ್ರೆಂಚ್ ಕಮ್ಯುನಿಸ್ಟ್ ಪಕ್ಷ ಸೇರಿದ್ದ. ಪೋಸ್ಟರಿಗೆ ಚಿತ್ರ ಬೇಕಿತ್ತು. ಕವಿ ಲೂಯಿ ಅರಗಾನ್ ಪಿಕಾಸೊನ ಸ್ಟುಡಿಯೋದಲ್ಲಿದ್ದ ಲಿಥೋಗ್ರಾಫುಗಳನ್ನು, ಅಂದರೆ ಅಚ್ಚೊತ್ತಿ ತೆಗೆದ ಚಿತ್ರಗಳನ್ನು, ನೋಡಿ ಒಂದನ್ನು ಆರಿಸಿದ. ಅದು ಪಾರಿವಾಳದ ಚಿತ್ರ. ಪಿಕಾಸೊ ಅದನ್ನು ಸಮ್ಮೇಳನಕ್ಕೆ ಅಂತ ಬಿಡಿಸಿದ್ದಲ್ಲ, ಅದೇ ಜನವರಿಯಲ್ಲಿ ಮಾಡಿಟ್ಟಿದ್ದ. ಗೆಳೆಯ ಹೆನ್ರಿ ಮಾತೀಸ್ ಕೊಟ್ಟಿದ್ದ ಒಂದು ಸಾಕು ಪಾರಿವಾಳ ಅದಕ್ಕೆ ಮಾದರಿ. ಪಿಕಾಸೊನ ಅಪ್ಪನೂ ಪಾರಿವಾಳ ಬಿಡಿಸೋದರಲ್ಲಿ ಹೆಸರಾದವನು. ಸಮ್ಮೇಳನದ ಹೊತ್ತಿಗೇ ಹುಟ್ಟಿದ ಮಗಳಿಗೆ ಪಿಕಾಸೊ ಪಲೋಮಾ ಅಂತ ಹೆಸರಿಟ್ಟ. ಸ್ಪ್ಯಾನಿಷ್‌ನಲ್ಲಿ ಪಾರಿವಾಳ ಅಂತಲೇ ಅರ್ಥ.

ಆ ಮೊದಲ ಚಿತ್ರವನ್ನು ಒಂದು ಸಲ ಹುಡುಕಿ ನೋಡಿ. ಹಿಂದೆ ಕಪ್ಪು. ಮುಂದೆ ಬಿಳಿ ಹಕ್ಕಿ, ಕಾಲ ಮೇಲೆಲ್ಲ ಪುಕ್ಕ. ಹಾರುತ್ತಿಲ್ಲ, ಸುಮ್ನೆ ನಿಂತಿದೆ. ಕೊಕ್ಕಿನಲ್ಲಿ ಎಲೆ ಇಲ್ಲ. ಭೂಗೋಳ ಇಲ್ಲ, ಘೋಷಣೆ ಇಲ್ಲ. ಮುಖ್ಯವಾಗಿ ಕೈ ಇಲ್ಲ. ಯಾರೂ ಅದನ್ನು ಹಿಡಿದಿಲ್ಲ, ಯಾರೂ ಹಾರಿಬಿಡುತ್ತಿಲ್ಲ. ಪಾರಿವಾಳ ಸಾಕಿದವರ ಮಾಳಿಗೆ ಮೇಲೆ ಹೋದರೆ ಕಾಣುವಂಥ ಹಕ್ಕಿ. (ಪಾರಿವಾಳ ಶಾಂತ ಪ್ರಾಣಿ ಅಂತ ಹೇಳಿದವರು ಯಾರೋ ಪಾರಿವಾಳ ಸಾಕಿರಲಿಕ್ಕಿಲ್ಲ. ಗೂಡಿಗಾಗಿ ಅವು ಜಗಳ ಆಡೋದು, ಕುಕ್ಕೋದು ನೋಡಿದರೆ ಸಾಕು, ಆ ಭ್ರಮೆ ಹೋಗುತ್ತದೆ.)

ಏಪ್ರಿಲ್‌ನಲ್ಲಿ ಈ ಹಕ್ಕಿ ಪ್ಯಾರಿಸ್ಸಿನ ಗೋಡೆಗಳ ಮೇಲೆ ಕೂತಿತು. ಆಗಸ್ಟ್ 29ರಂದು ಸೋವಿಯತ್ ಒಕ್ಕೂಟ ತನ್ನ ಮೊದಲ ಅಣುಬಾಂಬ್ ಸಿಡಿಸಿತು. ನಡುವೆ ಇರೋದು ನಾಲ್ಕೇ ತಿಂಗಳು. ಮರುವರ್ಷ ಮಾರ್ಚ್‌ನಲ್ಲಿ ಅಣ್ವಸ್ತ್ರ ನಿಷೇಧಿಸಿ ಅಂತ ಸ್ಟಾಕ್‌ಹೋಮ್ ಮನವಿ ಬಂತು, ಮುಂದೆ ನಿಂತಿದ್ದವನು ಫ್ರೆಂಚ್ ವಿಜ್ಞಾನಿ ಫ್ರೆಡರಿಕ್ ಜೋಲಿಯೊ-ಕ್ಯೂರಿ. ಕೋಟಿಗಟ್ಟಲೆ ಸಹಿ ಸಂಗ್ರಹ ಆಯಿತು ಅಂತ ಸಂಘಟಕರು ಹೇಳಿಕೊಂಡರು. ಸಹಿ ಹಾಕಿದವರಲ್ಲಿ ಬಹಳ ಜನ ಮನಸಾರೆ ಹಾಕಿದವರೇ. ಹಿರೋಷಿಮಾ ಆಗಿ ಐದು ವರ್ಷವೂ ತುಂಬಿರಲಿಲ್ಲ, ಹೆದರಿಕೆ ನಿಜವಾಗಿತ್ತು. ಆದರೆ ಒಂದು ಕೈಯಲ್ಲಿ ಬಾಂಬ್ ಇಟ್ಟುಕೊಂಡು ಇನ್ನೊಂದು ಕೈಯಲ್ಲಿ ಪಾರಿವಾಳ ತೋರಿಸಬೇಕಾದ ಸರ್ಕಾರಕ್ಕೆ ಪಿಕಾಸೊನ ಹಕ್ಕಿ ಸಾಲೋದಿಲ್ಲ. ಅದು ತೀರಾ ಒಂಟಿ, ತೀರಾ ಮೆತ್ತಗೆ. ಅದಕ್ಕೊಂದು ಕೈ ಬೇಕಾಯಿತು.

ಆಮೇಲೆ ಬಂದ ಸೋವಿಯತ್ ಪೋಸ್ಟರುಗಳಲ್ಲಿ ಕೈಗಳದ್ದೇ ಸಂತೆ. ಮೊದಲನೆಯದು ಕಾರ್ಮಿಕನ ಕೈ. ತೋಳು ಮಡಚಿದ ಅಂಗಿ, ಉಬ್ಬಿದ ನರ, ಹಕ್ಕಿಗಿಂತ ಅಂಗೈಯೇ ದೊಡ್ಡದು. ಹಕ್ಕಿ ಆ ಕೈ ಮೇಲೆ ಕೂತಿದ್ದರೂ ಕಣ್ಣಿಗೆ ಹೊಡೆಯೋದು ಮಣಿಕಟ್ಟು. ಇಂಥ ಕೈ ಹಾರಿಬಿಡುವಾಗಲೂ ಕಾವಲು ಕಾಯುತ್ತಿರುವ ಹಾಗೆ ಕಾಣುತ್ತದೆ. ಇನ್ನೊಂದು ತಡೆಯುವ ಕೈ, ಅಂಗೈ ಮುಂದೆ ಮಾಡಿ "ನಿಲ್ಲು" ಅನ್ನೋ ಕೈ. ಮತ್ತೊಂದು ಸಹಿ ಹಾಕುವ ಕೈ, ಅದು ಸ್ಟಾಕ್‌ಹೋಮ್ ಮನವಿ ಕಾಲದ್ದು. ಸುತ್ತಿಗೆ ಹಿಡಿದು ಅಭ್ಯಾಸ ಇರೋ ಬೆರಳುಗಳು ಪೆನ್ನು ಹಿಡಿದಿರುತ್ತವೆ. ಆಮೇಲೆ ಬೇರೆ ಬೇರೆ ಮೈಬಣ್ಣದ ಕೈಗಳು ಒಂದರ ಮೇಲೊಂದು, ಅಥವಾ ಒಂದೇ ಬಾವುಟದ ಕೋಲನ್ನು ಹಿಡಿದಿರೋದು. ಇದರಲ್ಲಿ ನನಗೆ ಒಂದು ತಕರಾರಿದೆ. ಮೂರು ಕೈ ಇರುತ್ತವೆ, ಬಿಳಿ, ಕಪ್ಪು, ಹಳದಿ. ಸಮಾನತೆ ಅಂತ ಹೇಳುತ್ತಾರೆ. ಆದರೆ ಬಹಳಷ್ಟು ಕಡೆ ಮುಂದೆ ನಿಂತವನು, ಉಳಿದವರಿಗಿಂತ ಒಂದು ಗೇಣು ಎತ್ತರ ಇರೋನು, ಬಾವುಟದ ತುದಿ ಹಿಡಿದವನು ಆ ಬಿಳಿ ಕಾರ್ಮಿಕನೇ. ಸುಮ್ನೆ ಅಳತೆಪಟ್ಟಿ ಇಟ್ಟು ನೋಡಿ, ಗೊತ್ತಾಗುತ್ತದೆ.

ಶತ್ರುವಿನ ಕೈ ಬೇರೆ ತರಹ. ಅದಕ್ಕೆ ಮೈ ಇರೋದೇ ಕಡಿಮೆ, ಪೋಸ್ಟರಿನ ಅಂಚಿನಿಂದ ಒಳಗೆ ಚಾಚಿಕೊಂಡು ಬರುತ್ತದೆ. ಬೆರಳು ಸಣಕಲು, ಉಗುರು ಉದ್ದ, ಕೋಟಿನ ತೋಳಿನ ಮೇಲೆ ಡಾಲರ್ ಗುರುತು. ಕೆಲವು ಕಡೆ ಹಳೇ ಸ್ವಸ್ತಿಕದ ಗುರುತನ್ನೂ ಅಂಟಿಸಿರುತ್ತಾರೆ, ನಿನ್ನೆಯ ಹಿಟ್ಲರ್ ಇವತ್ತಿನ ಅಮೆರಿಕ ಅನ್ನೋ ಲೆಕ್ಕ. ದುಡಿಯದ ಕೈ ಅಂತ ಒಂದೇ ನೋಟಕ್ಕೆ ಗೊತ್ತಾಗಬೇಕು. ಶ್ರಮ ಮಾಡಿದ ಕೈ ದಪ್ಪ, ದೋಚಿದ ಕೈ ಸಣಕಲು. ಎಂಥ ಸರಳ ವ್ಯಾಕರಣ ನೋಡಿ. ಓದು ಬರಹ ಬಾರದವನಿಗೂ ತಿಳಿಯುತ್ತದೆ. ಚಿತ್ರಗಾರನಾಗಿ ನನಗೆ ಅದರ ಮೇಲೆ ಗೌರವ ಇದೆ, ಮನುಷ್ಯನಾಗಿ ಸ್ವಲ್ಪ ಅನುಮಾನವೂ ಇದೆ. ನಮ್ಮ ಕಡೆ ಭತ್ತದ ನಾಟಿಗೆ ಹೋಗೋ ಹೆಂಗಸರ ಕೈ ನೋಡಿದ್ದೀರಾ? ಸಣಕಲು, ಉಗುರು ಸವೆದು ಹೋಗಿರುತ್ತದೆ, ಕೆಸರಲ್ಲಿ ನೆನೆದು ಸುಕ್ಕಾಗಿರುತ್ತದೆ. ಪೋಸ್ಟರಿನ ಲೆಕ್ಕದಲ್ಲಿ ಅವರೆಲ್ಲ ಯಾವ ಕಡೆ?

ಹೆಂಗಸರ ಮಾತು ಬಂತಲ್ಲ, ಅಲ್ಲೇ ಸ್ವಲ್ಪ ನಿಲ್ಲೋಣ. 1937ರಲ್ಲಿ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಅಂತ ವೆರಾ ಮುಖಿನಾ ಮಾಡಿದ ದೊಡ್ಡ ಉಕ್ಕಿನ ಪ್ರತಿಮೆ ಇದೆ. ಗಂಡಸು ಸುತ್ತಿಗೆ ಎತ್ತಿದ್ದಾನೆ, ಹೆಂಗಸು ಕುಡುಗೋಲು ಎತ್ತಿದ್ದಾಳೆ. ಇಬ್ಬರ ಕೈಯೂ ಒಂದೇ ಎತ್ತರದಲ್ಲಿ ಜೋಡಿಯಾಗಿವೆ. ಯುದ್ಧ ಬಂತು. 1941ರಲ್ಲಿ ಇರಾಕ್ಲಿ ತೊಯಿದ್ಜೆಯ ಪ್ರಸಿದ್ಧ ಪೋಸ್ಟರಿನಲ್ಲಿ ಕೆಂಪು ಬಟ್ಟೆ ಉಟ್ಟ ತಾಯ್ನಾಡು ಒಂದು ಕೈ ಮೇಲೆತ್ತಿ ಕರೆಯುತ್ತಾಳೆ, ಇನ್ನೊಂದು ಕೈಯಲ್ಲಿ ಸೈನಿಕನ ಪ್ರತಿಜ್ಞೆಯ ಕಾಗದ, ಬೆನ್ನ ಹಿಂದೆ ಬಯೊನೆಟ್ಟುಗಳು, ಅಂದರೆ ಬಂದೂಕಿನ ತುದಿಗೆ ಸಿಕ್ಕಿಸೋ ಚೂರಿಗಳು. 1942ರಲ್ಲಿ ವಿಕ್ಟರ್ ಕೊರೆತ್ಸ್ಕಿ ಮಾಡಿದ ಪೋಸ್ಟರಿನಲ್ಲಿ ಒಬ್ಬ ತಾಯಿ ಮಗುವನ್ನು ಎದೆಗೆ ಅವಚಿಕೊಂಡಿದ್ದಾಳೆ, ರಕ್ತ ಹತ್ತಿದ ಬಯೊನೆಟ್ ಅವರ ಕಡೆ ತಿರುಗಿದೆ. ಕೆಂಪು ಸೇನೆಯ ಯೋಧನೇ, ಕಾಪಾಡು ಅಂತ ಬರಹ. ನೋಡಿದರೆ ಈಗಲೂ ಹೊಟ್ಟೆ ಹಿಂಡುತ್ತದೆ.

ಯುದ್ಧ ಮುಗಿದ ಮೇಲೆ ಶಾಂತಿಯ ಪೋಸ್ಟರಿಗೆ ಬಂದವಳು ಬಹುಪಾಲು ಈ ಎರಡನೇ ತಾಯಿ. ಮಗುವನ್ನು ಅವಚಿಕೊಂಡ ತಾಯಿ. ಮೊದಲು ಕುಡುಗೋಲು ಇದ್ದ ಕೈಯಲ್ಲಿ ಈಗ ಮಗು ಬಂತು. ಶಾಂತಿ ಅಂದರೆ ಹೆಂಗಸು, ಮಗು, ಹಕ್ಕಿ. ಇವರನ್ನು ಕಾಯೋನು ಗಂಡಸು, ಅವನ ಹಿಂದೆ ಸರ್ಕಾರ. ಸಮಾಜವಾದ ಅಂತ ಹೇಳಿಕೊಂಡ ದೇಶದಲ್ಲೂ ಚಿತ್ರ ಬಿಡಿಸುವಾಗ ಕೊನೆಗೆ ನಮ್ಮ ನಿಮ್ಮ ಮನೆಯ ಲೆಕ್ಕವೇ ಬಂತು. ವಿಯೆಟ್ನಾಂ ಪೋಸ್ಟರುಗಳು ಈ ವಿಷಯದಲ್ಲಿ ಬೇರೆ, ಅಲ್ಲಿ ಹೆಂಗಸಿನ ಹೆಗಲಲ್ಲಿ ಬಂದೂಕೂ ಇರುತ್ತದೆ, ಕೈಯಲ್ಲಿ ಭತ್ತದ ಕಟ್ಟೂ ಇರುತ್ತದೆ. ಕ್ಯೂಬಾದವರು ಇನ್ನೂ ಬೇರೆ. ಅಲ್ಲಿನ ಅಲ್ಫ್ರೆಡೊ ರೋಸ್ಟ್‌ಗಾರ್ಡ್ 1967ರಲ್ಲಿ ಪ್ರತಿಭಟನಾ ಗೀತೆಗಳ ಒಂದು ಸಮಾವೇಶಕ್ಕೆ ಮಾಡಿದ ಪೋಸ್ಟರಿನಲ್ಲಿ ಒಂದು ಗುಲಾಬಿ, ಅದರ ಮುಳ್ಳಿನಿಂದ ಒಂದು ಹನಿ ರಕ್ತ. ಅಷ್ಟೇ. ಕೈ ಕಾಣೋದಿಲ್ಲ, ಆದರೆ ಯಾರದೋ ಬೆರಳಿಗೆ ಚುಚ್ಚಿದೆ ಅಂತ ನಮಗೇ ಹೊಳೆಯುತ್ತದೆ. ಇಷ್ಟು ಪೋಸ್ಟರುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ಚೀನಾದ್ದು ಮಕ್ಕಳ ಕೈ. 1952ರಲ್ಲಿ ತೆಗೆದ ಒಂದು ಫೋಟೋ ಪೋಸ್ಟರಾಗಿ ಇಡೀ ದೇಶಕ್ಕೆ ಹೋಯಿತು. ಒಂದು ಹುಡುಗ, ಒಂದು ಹುಡುಗಿ, ಇಬ್ಬರ ಎದೆಯಲ್ಲೂ ಒಂದೊಂದು ಬಿಳಿ ಪಾರಿವಾಳ. ಕೆಳಗೆ "ನಾವು ಶಾಂತಿಯನ್ನು ಪ್ರೀತಿಸುತ್ತೇವೆ" ಅಂತ ಇದೆ. ಮುದ್ದಾದ ಚಿತ್ರ, ತಕರಾರೇ ಇಲ್ಲ. ಅದೇ ಹೊತ್ತಿಗೆ ಚೀನಾದ ಲಕ್ಷಾಂತರ ಸೈನಿಕರು ಕೊರಿಯಾದಲ್ಲಿ ಯುದ್ಧ ಮಾಡುತ್ತಿದ್ದರು, ಈ ಚಿತ್ರ ಅವರ ಕೈಗೂ ತಲುಪಿತು. ಮಕ್ಕಳಿಗಾಗಿ ಹೋರಾಡು ಅಂತ ಸೈನಿಕನಿಗೆ ಹೇಳೋಕೆ ಇದಕ್ಕಿಂತ ಬೇರೆ ಚಿತ್ರ ಬೇಕೇ? ಅಂದರೆ ಶಾಂತಿಯ ಪೋಸ್ಟರೇ ಯುದ್ಧದ ಪೋಸ್ಟರ್ ಕೂಡ ಆಗಬಹುದು. ಒಂದು ಗೆರೆಯನ್ನೂ ತಿದ್ದಬೇಕಾಗಿಲ್ಲ.

ಎದುರಾಳಿಗಳೂ ಸುಮ್ಮನೆ ಕೂರಲಿಲ್ಲ ಬಿಡಿ. 1950ರಲ್ಲಿ ಫ್ರಾನ್ಸಿನಲ್ಲಿ ಕಮ್ಯುನಿಸ್ಟ್ ವಿರೋಧಿಗಳ ಸಂಘಟನೆಯೊಂದು ಪಿಕಾಸೊನ ಹಕ್ಕಿಯನ್ನೇ ಟ್ಯಾಂಕ್ ಮಾಡಿ ಪೋಸ್ಟರ್ ಅಂಟಿಸಿತು. ಢಂ ಅನ್ನೋ ಪಾರಿವಾಳ ಅಂತ ಅದರ ಹೆಸರು. ಒಳ್ಳೇ ಗೇಲಿ, ಜನ ನಕ್ಕರು. ಆರು ವರ್ಷದ ಮೇಲೆ ಹಂಗೇರಿಯ ಬುಡಾಪೆಸ್ಟ್‌ನ ಬೀದಿಗೆ ಸೋವಿಯತ್ ಟ್ಯಾಂಕುಗಳು ನಿಜವಾಗಿಯೇ ಬಂದವು, 1968ರಲ್ಲಿ ಚೆಕೊಸ್ಲೊವಾಕಿಯಾದ ಪ್ರಾಗ್‌ಗೂ ಹೋದವು. ಆಗ ಆ ಗೇಲಿ ಚಿತ್ರ ಬರೀ ಗೇಲಿಯಾಗಿ ಉಳಿಯಲಿಲ್ಲ. ಹಾಗಂತ ಅಮೆರಿಕದವರ ಕೈ ಏನು ತೊಳೆದ ಕೈಯಾ? ಬಾಂಬ್ ಮೊದಲು ಹಾಕಿದವರು ಯಾರು ಅಂತ ಎಲ್ಲರಿಗೂ ಗೊತ್ತು.

ಇಷ್ಟೆಲ್ಲ ರಷ್ಯಾ ಚೀನಾ ಮಾತಾಡಿ ನಮ್ಮೂರನ್ನು ಮರೆಯಬಾರದು. ಯಾಕಂದರೆ ಸರ್ಕಾರವೊಂದು ಶಾಂತಿಯ ಪೋಸ್ಟರ್ ಅಂಟಿಸೋದು ನಮ್ಮ ಕಡೆ ಬಹಳ ಹಳೇ ಸಂಗತಿ. ಮಸ್ಕಿಯ ಬೆಟ್ಟದಲ್ಲಿ ಅಶೋಕನ ಶಾಸನ ಇದೆ, 1915ರಲ್ಲಿ ಚಿನ್ನದ ಅದಿರು ಹುಡುಕಿಕೊಂಡು ಬಂದ ಬೀಡನ್ ಅನ್ನೋ ಇಂಜಿನಿಯರ್ ಕಣ್ಣಿಗೆ ಬಿದ್ದದ್ದು. ಶಾಸನಗಳಲ್ಲಿ ಬರೋ ದೇವಾನಾಂಪ್ರಿಯ ಅನ್ನೋ ರಾಜ ಅಶೋಕನೇ ಅಂತ ಗಟ್ಟಿಯಾಗಿದ್ದು ಅಲ್ಲಿಂದ. ಕೊಪ್ಪಳಕ್ಕೆ ಹೋದರೆ ಗವಿಮಠದ ಹತ್ತಿರ ಒಂದು, ಪಾಲ್ಕಿಗುಂಡಿನಲ್ಲಿ ಒಂದು. ಬಳ್ಳಾರಿ ಕಡೆ ನಿಟ್ಟೂರು, ಉಡೇಗೋಳ. ಜನ ಓಡಾಡೋ ದಾರಿಯ ಹತ್ತಿರ, ಬಂಡೆಯ ಮೇಲೆ, ರಾಜನ ಮಾತು. ಪೋಸ್ಟರ್ ಅಂದರೆ ಇನ್ನೇನು?

ಕಳಿಂಗ ಯುದ್ಧದ ಪಶ್ಚಾತ್ತಾಪ ಇರೋದು ನಮ್ಮ ಈ ಬಂಡೆಗಳ ಮೇಲಲ್ಲ, ಬೇರೆ ಕಡೆ ಕೆತ್ತಿಸಿದ ಹದಿಮೂರನೇ ಶಾಸನದಲ್ಲಿ. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದು ಸಾಗಿಸಲಾಯಿತು, ಅದನ್ನು ನೆನೆದು ರಾಜನಿಗೆ ಸಂಕಟ ಆಗಿದೆ ಅಂತ ಅದರಲ್ಲಿದೆ. ಶಾಲೆಯಲ್ಲಿ ಇಷ್ಟೇ ಹೇಳಿಕೊಡುತ್ತೇವೆ. ಅದೇ ಶಾಸನದಲ್ಲಿ ಕಾಡಿನ ಜನರಿಗೆ ಒಂದು ಮಾತಿದೆ. ರಾಜನಿಗೆ ಪಶ್ಚಾತ್ತಾಪ ಇದೆ ನಿಜ, ಆದರೆ ದಂಡಿಸೋ ಶಕ್ತಿಯೂ ಇದೆ, ತಿದ್ದಿಕೊಳ್ಳಿ ಅನ್ನೋ ಅರ್ಥದ ಎಚ್ಚರಿಕೆ. ಇನ್ನೂ ಒಂದು ವಿಚಿತ್ರ ಕೇಳಿ. ಈ ಪಶ್ಚಾತ್ತಾಪದ ಶಾಸನವನ್ನು ಕಳಿಂಗದ ಧೌಲಿ, ಜೌಗಡದ ಬಂಡೆಗಳ ಮೇಲೆ ಕೆತ್ತಿಸಿಲ್ಲ. ಅಲ್ಲಿ ಅದರ ಬದಲು ಬೇರೆ ಮಾತು ಹಾಕಿಸಿದ್ದಾನೆ. ಸೋತವರ ಊರಲ್ಲಿ ಸೋಲಿನ ಲೆಕ್ಕ ಯಾಕೆ ಅಂತ ಅನ್ನಿಸಿರಬೇಕು. ಒಟ್ಟಿನಲ್ಲಿ ಯಾರು ಓದುತ್ತಾರೆ ಅನ್ನೋ ಲೆಕ್ಕಾಚಾರ ಆಗಲೂ ಇತ್ತು. ಮಾಸ್ಕೋದ ಚಿತ್ರಗಾರರಿಗೆ ಇದು ಅರ್ಥವಾಗುತ್ತಿತ್ತು ಅನ್ನಿಸುತ್ತದೆ.

ಪಾರಿವಾಳಕ್ಕೂ ನಮ್ಮಲ್ಲಿ ಕಥೆ ಇದೆಯಲ್ಲ. ಶಿಬಿ ಚಕ್ರವರ್ತಿಯ ತೊಡೆ ಮೇಲೆ ಬಂದು ಬಿದ್ದ ಪಾರಿವಾಳ. ಹಿಂದೆಯೇ ಗಿಡುಗ. ಅಲ್ಲಿ ಹಕ್ಕಿ ಶಾಂತಿಯ ಗುರುತಲ್ಲ, ಮೊರೆಹೊಕ್ಕ ಜೀವ. ಅದನ್ನು ಕಾಪಾಡಿದವನು ಶತ್ರುವಿಗೆ ಮುಷ್ಟಿ ತೋರಿಸಲಿಲ್ಲ, ತನ್ನ ಮಾಂಸ ಕೊಯ್ದು ತಕ್ಕಡಿಗೆ ಹಾಕಿದ. ಕೈ ತನ್ನ ಮೈಗೇ ಕತ್ತಿ ಹಿಡಿದಿದೆ. ಇಂಥ ಪೋಸ್ಟರನ್ನು ಯಾವ ಸರ್ಕಾರವೂ ಮಾಡಿಸೋದಿಲ್ಲ, ಅದು ಬೇರೆ ಮಾತು.

ಇನ್ನು ಆ ಕಾಲದ ನಮ್ಮ ಕಮ್ಯುನಿಸ್ಟರ ಸಂಗತಿ. ಪಿಕಾಸೊನ ಹಕ್ಕಿ ಪ್ಯಾರಿಸ್ಸಿನ ಗೋಡೆ ಹತ್ತಿದಾಗ ರಾಯಚೂರು, ಕೊಪ್ಪಳ ಎಲ್ಲ ಹೈದರಾಬಾದ್ ರಾಜ್ಯದಲ್ಲಿದ್ದವು. ಭಾರತದ ಸೇನೆ ಬಂದು ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆ ಆಗಿ ಏಳು ತಿಂಗಳು. ಅದೇ ರಾಜ್ಯದ ತೆಲಂಗಾಣ ಭಾಗದಲ್ಲಿ ಕಮ್ಯುನಿಸ್ಟ್ ಪಕ್ಷದ ಜೊತೆಗಿದ್ದ ರೈತರು ಬಂದೂಕು ಹಿಡಿದು ಕಾಡು ಸೇರಿದ್ದರು. ಹೋರಾಟ ವಾಪಸ್ ತೆಗೆದುಕೊಂಡಿದ್ದು 1951ರಲ್ಲಿ. ಒಂದೇ ಪಕ್ಷ, ಒಂದೇ ಬಾವುಟ, ಪ್ಯಾರಿಸ್ಸಿನಲ್ಲಿ ಪಾರಿವಾಳ, ನಲ್ಗೊಂಡದಲ್ಲಿ ಬಂದೂಕು. ಇದನ್ನು ಬೂಟಾಟಿಕೆ ಅಂತ ಸುಲಭವಾಗಿ ಹೇಳಿಬಿಡಬಹುದು. ನನಗೆ ಹಾಗೆ ಹೇಳೋಕೆ ಮನಸ್ಸು ಬರೋದಿಲ್ಲ. ಜಮೀನ್ದಾರ ದೇಶಮುಖರ ವೆಟ್ಟಿಚಾಕರಿ ಅನ್ನೋ ಬಿಟ್ಟಿ ದುಡಿಮೆ, ನಿಜಾಮನ ಪರ ಇದ್ದ ರಜಾಕಾರರ ಹಾವಳಿ ಎಲ್ಲ ನಮ್ಮ ಹಿರಿಯರು ಕಂಡದ್ದೇ. ಜಮೀನು ಇಲ್ಲದವನಿಗೆ ಶಾಂತಿ ಅಂದರೆ ಇದ್ದದ್ದು ಇದ್ದ ಹಾಗೇ ಇರಲಿ ಅಂತಲೇ ಕೇಳಿಸುತ್ತದೆ. 1917ರಲ್ಲಿ ರಷ್ಯಾದ ಕ್ರಾಂತಿಕಾರಿ ಬೊಲ್ಶೆವಿಕರು ಶಾಂತಿ, ಭೂಮಿ, ರೊಟ್ಟಿ ಅಂತ ಮೂರನ್ನೂ ಒಟ್ಟಿಗೆ ಕೂಗಿದ್ದು ಅದಕ್ಕೇ. ಬರೀ ಶಾಂತಿ ಅಂದಿದ್ದರೆ ಅವರ ಹಿಂದೆ ಅಷ್ಟು ಜನ ಬರುತ್ತಿದ್ದರಾ, ನನಗೆ ಅನುಮಾನ. ಪೋಸ್ಟರಿನಲ್ಲಿ ಹಕ್ಕಿಯ ಪಕ್ಕ ಗೋಧಿ ತೆನೆ ಇರೋದಕ್ಕೂ ಇದೇ ಕಾರಣ. ಅದು ಬರೀ ಅಲಂಕಾರ ಅಲ್ಲ. ನಮ್ಮ ಕಡೆ ಅದೇ ಚಿತ್ರ ಬಿಡಿಸಿದ್ದರೆ ಬಿಳಿಜೋಳದ ತೆನೆ ಬರಬೇಕಿತ್ತು, ಆದರೆ ಗೋಡೆ ಬರಹದವರೂ ರಷ್ಯಾದ ಗೋಧಿಯನ್ನೇ ನಕಲು ಹೊಡೆದರು. ಜೋಳದ ತೆನೆ ಬಿಡಿಸೋದು ಕಷ್ಟ, ಕಾಳು ಕಾಳು ಕೂರಿಸಬೇಕು. ಅದೂ ಒಂದು ಕಾರಣ ಇರಬಹುದು.

ಈಗ ಕೈಗಳ ಕಥೆಯಲ್ಲಿ ನನಗೆ ಅತ್ಯಂತ ಸೋಜಿಗ ಅನ್ನಿಸಿದ ಭಾಗ. ಯೆವ್ಗೆನಿ ವುಚೆಟಿಚ್ ಅಂತ ಸೋವಿಯತ್ ಶಿಲ್ಪಿ. 1949ರ ಮೇ ತಿಂಗಳಲ್ಲಿ, ಅಂದರೆ ಪ್ಯಾರಿಸ್ ಸಮ್ಮೇಳನ ಮುಗಿದ ಕೆಲವೇ ದಿನಕ್ಕೆ, ಪೂರ್ವ ಬರ್ಲಿನ್ನಿನ ಟ್ರೆಪ್ಟೋ ಪಾರ್ಕಿನಲ್ಲಿ ಅವನು ಮಾಡಿದ ಸೈನಿಕನ ಪ್ರತಿಮೆ ಅನಾವರಣ ಆಯಿತು. ಒಂದು ತೋಳಿನಲ್ಲಿ ಮಗು, ಇನ್ನೊಂದು ಕೈಯಲ್ಲಿ ಕೆಳಗಿಳಿಸಿದ ಕತ್ತಿ, ಕಾಲಡಿ ಮುರಿದ ಸ್ವಸ್ತಿಕ. 1967ರಲ್ಲಿ ವೋಲ್ಗೊಗ್ರಾದ್‌ನಲ್ಲಿ ಅವನದೇ ತಾಯ್ನಾಡಿನ ಪ್ರತಿಮೆ ಎದ್ದಿತು, ಭಾರೀ ಎತ್ತರ, ಕೈಯಲ್ಲಿ ಕತ್ತಿ ಮೇಲಕ್ಕೆ. ಇವೆರಡರ ನಡುವೆ 1959ರಲ್ಲಿ ಸೋವಿಯತ್ ಒಕ್ಕೂಟ ನ್ಯೂಯಾರ್ಕಿನ ವಿಶ್ವಸಂಸ್ಥೆಗೆ ಒಂದು ಕಂಚಿನ ಪ್ರತಿಮೆ ಉಡುಗೊರೆ ಕೊಟ್ಟಿತು. ಅದೂ ವುಚೆಟಿಚ್‌ದೇ. ಗಟ್ಟಿಮೈಯ ಒಬ್ಬ ಗಂಡಸು ಸುತ್ತಿಗೆ ಎತ್ತಿ ಕತ್ತಿಯನ್ನು ಬಡಿದು ನೇಗಿಲ ಗುಳ ಮಾಡುತ್ತಿದ್ದಾನೆ. ಮಾತು ಬೈಬಲ್ಲಿನದು, ಕೊಟ್ಟಿದ್ದು ದೇವರನ್ನು ನಂಬದ ಸರ್ಕಾರ. ಇರಲಿ, ಚಿತ್ರ ಚೆನ್ನಾಗಿದೆ. ಕುಲುಮೆಯ ಮುಂದೆ ಕೂತ ಕಮ್ಮಾರನನ್ನು ನೋಡಿದವರಿಗೆ ವಿವರಣೆ ಬೇಕಾಗಿಲ್ಲ.

1980ರ ಸುಮಾರಿಗೆ ಪೂರ್ವ ಜರ್ಮನಿಯ ಚರ್ಚುಗಳ ಶಾಂತಿ ಗುಂಪುಗಳು ಇದೇ ಚಿತ್ರವನ್ನು ತೆಗೆದುಕೊಂಡವು. ದುಂಡಗೆ ಒಂದು ಬಟ್ಟೆ ಬಿಲ್ಲೆ, ಅದರ ಮೇಲೆ ಸುತ್ತಿಗೆ ಎತ್ತಿದ ಆ ಮನುಷ್ಯ, ಸುತ್ತ ಬರಹ. ಬಟ್ಟೆ ಮೇಲೆ ಯಾಕೆ ಅಂದರೆ, ಕಾಗದದ ಮೇಲೆ ಅಚ್ಚು ಹಾಕಿಸೋಕೆ ಸರ್ಕಾರದ ಪರವಾನಗಿ ಬೇಕಿತ್ತು, ಬಟ್ಟೆ ಮೇಲೆ ಹಾಕಿಸೋದಕ್ಕೆ ಬೇಕಿರಲಿಲ್ಲ. ಹುಡುಗರು ಹುಡುಗಿಯರು ಜಾಕೆಟ್ಟಿನ ತೋಳಿಗೆ ಹೊಲಿದುಕೊಂಡು ಓಡಾಡಿದರು. ಸರ್ಕಾರಕ್ಕೆ ಉರಿಯಿತು. ತನ್ನದೇ ದೊಡ್ಡಣ್ಣ ಸೋವಿಯತ್ ಒಕ್ಕೂಟ ಕೊಟ್ಟ ಉಡುಗೊರೆಯ ಚಿತ್ರ, ಆದರೂ ನಿಷೇಧ. ಪೊಲೀಸರು ಕಿತ್ತುಹಾಕಿಸಿದರು, ಶಾಲೆಗಳಲ್ಲಿ ತೆಗೆಸಿದರು. ಕೆಲವರು ಬಿಲ್ಲೆ ಇದ್ದ ಜಾಗದಲ್ಲಿ ದುಂಡಗೆ ತೂತು ಬಿಟ್ಟುಕೊಂಡೇ ತಿರುಗಿದರು. ಇನ್ನು ಕೆಲವರು "ಇಲ್ಲೊಬ್ಬ ಕಮ್ಮಾರ ಇದ್ದ" ಅಂತ ಬರೆದುಕೊಂಡರು. ನೋಡಿ, ಚಿತ್ರದಲ್ಲಿ ಒಂದು ಗೆರೆಯೂ ಬದಲಾಗಿಲ್ಲ. ಅದೇ ತೋಳು, ಅದೇ ಸುತ್ತಿಗೆ. ಸೋವಿಯತ್ ಸರ್ಕಾರ ಅದನ್ನು ವಿಶ್ವಸಂಸ್ಥೆಯ ಅಂಗಳದಲ್ಲಿ ನಿಲ್ಲಿಸಿದಾಗ ಬೇರೆಯವರ ಕತ್ತಿಯನ್ನು ಬಡಿಯುತ್ತಿತ್ತು. ಹದಿನೇಳರ ಹುಡುಗ ತೋಳಿಗೆ ಹಾಕಿಕೊಂಡಾಗ ಸರ್ಕಾರದ ಕತ್ತಿಯನ್ನೇ ಬಡಿಯೋಕೆ ಶುರು ಮಾಡಿತು. ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಮಕ್ಕಳು ತುಂಬಾ ಹೊತ್ತು ಆ ತೂತಿನ ಬಗ್ಗೆಯೇ ಕೇಳುತ್ತಿದ್ದರು, ಹೊಲಿಸಿಕೊಳ್ಳಲಿಲ್ವಾ ಸರ್, ಚಳಿ ಆಗೋದಿಲ್ವಾ ಸರ್ ಅಂತ.

  

ಕೊನೆಗೆ ಈ ಮೇ ದಿನದ ಮಾತು. ಪರಿಚಯದ ಒಂದು ಕಾರ್ಮಿಕ ಸಂಘದವರು ಫ್ಲೆಕ್ಸಿಗೆ ಡಿಸೈನ್ ಮಾಡಿಕೊಡಿ ಸರ್ ಅಂದರು. ಯುದ್ಧ ಬೇಡ, ಕೂಲಿ ಬೇಕು ಅನ್ನೋದು ವಿಷಯ. ನನಗೋ ಖುಷಿ. ಇಷ್ಟು ವರ್ಷ ನೋಡಿದ್ದನ್ನೆಲ್ಲ ಸೇರಿಸಿ ಒಂದು ಚಿತ್ರ ಮಾಡಿದೆ. ನಾಟಿ ಹಚ್ಚೋ ಹೆಂಗಸಿನ ಸಣಕಲು ಕೈ, ಬೆರಳಿಗೆ ಕೆಸರು, ಅಂಗೈ ಬಿಚ್ಚಿದೆ, ಅದರ ಮೇಲೆ ಹಕ್ಕಿ. ಪಕ್ಕದಲ್ಲಿ ಜೋಳದ ತೆನೆ, ಕಾಳು ಕಾಳು ಕೂರಿಸಿದ್ದೆ. ಪೆನ್‌ಡ್ರೈವ್ ತಗೊಂಡು ಸ್ಟೇಷನ್ ರಸ್ತೆಯ ಫ್ಲೆಕ್ಸ್ ಅಂಗಡಿಗೆ ಹೋದೆವು. ಅಂಗಡಿ ಹುಡುಗ ಕಂಪ್ಯೂಟರಿನಲ್ಲಿ ತೆಗೆದು ನೋಡಿದ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ.

"ಸರ್, ಚಿತ್ರ ಭಾರಿ ಐತ್ರಿ. ಆದ್ರ ಕೈ ಬ್ಯಾಡ್ರಿ."

"ಯಾಕಪ್ಪಾ?"

"ಅಂಗೈ ಹಿಂಗ ಬಿಚ್ಚಿದ್ರ ಕಾಂಗ್ರೆಸ್ ಅಂತಾರ್ರಿ. ನಾಳೆ ಯಾರರ ಬಂದು ಹರದು ಹಾಕಿದ್ರ ನನ್ನ ಕೇಳಬ್ಯಾಡ್ರಿ."

ಸಂಘದ ಕಾರ್ಯದರ್ಶಿ ನನ್ನ ಮುಖ ನೋಡಿದರು. ಮುಷ್ಟಿ ಮಾಡೋಣವಾ ಅಂತ ಅವರು, ಮುಷ್ಟಿ ಮೇಲೆ ಹಕ್ಕಿ ಹೆಂಗ ಕೂರುತ್ತದೆ ಅಂತ ನಾನು. ಕೈ ಬಿಟ್ಟು ತೆನೆ ಮತ್ತು ಕುಡುಗೋಲು ಹಾಕೋಣ ಅಂದರೆ, ಅದು ಸಿಪಿಐ ಚಿಹ್ನೆ, ಇವರು ಆ ಕಡೆಯವರಲ್ಲ. ಸುತ್ತಿಗೆ ಹಾಕಿದರೆ ಹೊಲದವರು ಬೇಜಾರಾಗುತ್ತಾರೆ. ನಾವು ಮಾತಾಡುತ್ತಿದ್ದಂತೆ ಆ ಹುಡುಗ ನೆಟ್ಟಿನಿಂದ ಒಂದು ಪಾರಿವಾಳ ಇಳಿಸಿ, ಹಿನ್ನೆಲೆ ತೆಗೆದು, ನೀಲಿ ಹಾಕಿ ಸಿದ್ಧ ಮಾಡಿಬಿಟ್ಟಿದ್ದ. ಎಲೆ ಇರೋದು ಬೇಕೋ ಇಲ್ಲದ್ದು ಬೇಕೋ ಅಂತ ಕೇಳಿದ. ರೇಟು ಎರಡಕ್ಕೂ ಒಂದೇ ಅಂತೆ. ಕಾರ್ಯದರ್ಶಿಗಳು ಎಲೆ ಇರೋದೇ ಇರಲಿ ಅಂದರು.